ಬಾನುಲಿಗೆ ಬೇಡವಾದ ಪೇಟಿ

ಕಳೆದ ಬೇಸಿಗೆಯಲ್ಲಿ ಪಿಎಚ್.ಡಿ. ಪ್ರಬಂಧದ ಮೊದಲ ಅಧ್ಯಾಯದ ಕರಡು ಮುಗಿಸಿ ಊರಿಗೆ ಹೋಗಿದ್ದೆ. ಧಾರವಾಡ ಸೀಮೆಯ ಸಂಗೀತಕ್ಕೂ ಬಾನುಲಿಗೂ ಇದ್ದ ನಂಟು ನನ್ನ ಸಂಶೋಧನೆಯ ವಿಷಯ. ಆ ಕರಡಿನಲ್ಲಿ ಒಂದು ವಾಕ್ಯ ಹೀಗಿತ್ತು: 1950 ಮತ್ತು 60ರ ದಶಕಗಳಲ್ಲಿ ಈ ಭಾಗದ ಖಯಾಲ್ ಗಾಯನಕ್ಕೆ ಹಾರ್ಮೋನಿಯಂ ಸಾಥ್ ಇನ್ನೂ ರೂಢಿಯಾಗಿರಲಿಲ್ಲ. ಇದನ್ನು ನಾನು ಸುಮ್ಮನೆ ಬರೆದಿರಲಿಲ್ಲ. ಆ ಕಾಲದ ಬಾನುಲಿ ಧ್ವನಿಮುದ್ರಣಗಳನ್ನು ಗಂಟೆಗಟ್ಟಲೆ ಕೇಳಿ ಟಿಪ್ಪಣಿ ಮಾಡಿಕೊಂಡಿದ್ದೆ. ತಾನಪುರ, ತಬಲಾ, ಕೆಲವೆಡೆ ಸಾರಂಗಿ, ಕೆಲವೆಡೆ ವಯೊಲಿನ್ ಕೇಳಿದ್ದವು. ಹಾರ್ಮೋನಿಯಂ ಎಲ್ಲೂ ಕೇಳಿರಲಿಲ್ಲ.

ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಆಯಿಗೆ ಆ ಪುಟ ಓದಿ ಹೇಳಿದೆ. ಆಯಿ ನಕ್ಕಳು.

"ಯಾರ ಹೇಳ್ಯಾರ ಹಂಗಂತ? ಹಂಗಾರ ನಿಮ್ಮಜ್ಜಾರು ಊರೂರು ತಿರಗಿ ತೌಡ ಕುಟ್ಟಿ ಬಂದ್ರೇನ?"

ನನ್ನಜ್ಜ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರಾಗಿದ್ದರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಮಳೆಗಾಲದಲ್ಲಿ ಕಂಪನಿಗೆ ಬಿಡುವಿದ್ದಾಗ ಅವರು ಮನೆಯಲ್ಲಿರುತ್ತಿದ್ದರಂತೆ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ತಂದ ರೇಡಿಯೋ ಒಂದು ಗೂಡಿನಲ್ಲಿ, ಪೇಟಿ ಅದರ ಕೆಳಗೆ.

"ಹೊರಗ ಎಲ್ಲಾ ಕಡೆ ಪೇಟಿ ಇತ್ತವಾ. ರೇಡಿಯೋದಾಗ ಅಷ್ಟ ಇರಲಿಲ್ಲ. ಅದಕ್ಕ ಇವರು ರೇಡಿಯೋ ಹಚ್ಚಿ, ಮುಂದ ಪೇಟಿ ಇಟಗೊಂಡು ತಾವ ಸಾಥ್ ಕೊಡತಿದ್ರು."

ಹಾರ್ಮೋನಿಯಂ ನಿಷೇಧದ ಬಗ್ಗೆ ನಾನು ಓದಿರಲಿಲ್ಲ ಎಂದಲ್ಲ. ಓದಿದ್ದೆ. ಆದರೆ ಅದು 1940ರ ದೆಹಲಿ, ಕಲಕತ್ತೆಗಳ ಕಥೆಯೆಂದು ಬೇರೆ ಕಡತದಲ್ಲಿ ಇಟ್ಟುಬಿಟ್ಟಿದ್ದೆ. ನಮ್ಮ ಪಡಸಾಲೆಯವರೆಗೆ ಅದು ಬಂದಿತ್ತು ಎಂದು ಹೊಳೆದಿರಲಿಲ್ಲ. ಆ ಕಡತವನ್ನು ಮತ್ತೆ ತೆರೆದ ಮೇಲೆ ನನಗೆ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಪೇಟಿ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕಾಲಿನಿಂದ ತಿದಿ ಒತ್ತುವ, ಕುರ್ಚಿಯ ಮೇಲೆ ಕೂತು ನುಡಿಸುವ ವಾದ್ಯ. ಪಾದ್ರಿಗಳ ಜೊತೆ, ಬಿಳಿಯರ ಮನೆಗಳ ಸಾಮಾನಿನ ಜೊತೆ ಭಾರತಕ್ಕೆ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕೂತು ನುಡಿಸುವಂತೆ ಬದಲಿಸಿದರು. ಎಡಗೈ ಹಿಂದಿನ ತಿದಿಗೆ, ಬಲಗೈ ಮನೆಗಳಿಗೆ. ಮುಂದಿನ ಕೆಲವೇ ದಶಕಗಳಲ್ಲಿ ಅದು ದೇಶವನ್ನೆಲ್ಲ ಹಬ್ಬಿತು.

ಹಬ್ಬಲು ಕಾರಣಗಳಿದ್ದವು. ಸಾರಂಗಿಯನ್ನು ಸುಸ್ವರವಾಗಿ ನುಡಿಸಲು ವರ್ಷಗಳ ಸಾಧನೆ ಬೇಕು. ಅದರ ಹತ್ತಾರು ತಂತಿಗಳನ್ನು ಹದಗೊಳಿಸುವುದೇ ಒಂದು ಕೆಲಸ. ಪೇಟಿಗೆ ಶ್ರುತಿ ಮಾಡುವ ಗೋಜಿಲ್ಲ. ಮಳೆ ಬಂದರೂ ಬಿಸಿಲಾದರೂ ಷಡ್ಜ ಅಲ್ಲೇ ಇರುತ್ತದೆ. ಕೊಳ್ಳಲೂ ದುಬಾರಿಯಲ್ಲ, ಹೊತ್ತೊಯ್ಯಲೂ ತೊಂದರೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೈಕ್ ಇಲ್ಲದ ಕಾಲದಲ್ಲಿ ಅದರ ದನಿ ನಾಟಕದ ಥಿಯೇಟರಿನ ಕೊನೆಯ ಸಾಲಿಗೂ ಮುಟ್ಟುತ್ತಿತ್ತು. ಗುಬ್ಬಿ ಕಂಪನಿ, ಕೊಣ್ಣೂರು ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಇವನ್ನೆಲ್ಲ ಪೇಟಿಯಿಲ್ಲದೆ ಊಹಿಸಲಾಗದು. ರಂಗದ ಮುಂದೆ ಕಾಲು ಪೇಟಿಯ ಹಿಂದೆ ಕೂತ ಮಾಸ್ತರ ನಟನಿಗೆ ಸ್ವರ ಹಿಡಿದುಕೊಡುತ್ತಿದ್ದ, ಮಾತು ಮರೆತಾಗ ಆ ತೆರಪನ್ನು ತುಂಬುತ್ತಿದ್ದ. ಹಳ್ಳಿಯ ಭಜನಾ ಮೇಳಕ್ಕೂ, ಕೀರ್ತನಕಾರರ ಹಿಂದೆಯೂ, ಸಂಗೀತ ಕಲಿಯುವ ಮಕ್ಕಳ ಮುಂದೆಯೂ ಅದೇ ಪೇಟಿ.

ಈ ಜನಪ್ರಿಯತೆಯೇ ಅದರ ಮೇಲಿನ ಸಿಟ್ಟಿಗೂ ಕಾರಣವಾಯಿತು. ಆ ಸಿಟ್ಟನ್ನು ತಳ್ಳಿಹಾಕುವಂತಿಲ್ಲ. ಪೇಟಿಯಲ್ಲಿ ಒಂದು ಸಪ್ತಕಕ್ಕೆ ಹನ್ನೆರಡು ಮನೆಗಳು. ಒಂದು ಮನೆಯಿಂದ ಇನ್ನೊಂದಕ್ಕೆ ಹಾರಬೇಕೇ ಹೊರತು ಜಾರಲು ಬರುವುದಿಲ್ಲ. ಹಿಂದುಸ್ತಾನಿಯ ಮೀಂಡ್ ಆಗಲಿ ಕರ್ನಾಟಕ ಸಂಗೀತದ ಗಮಕವಾಗಲಿ ಇರುವುದೇ ಆ ಜಾರುವಿಕೆಯಲ್ಲಿ. ಇನ್ನೊಂದು ತಕರಾರು ಸ್ವರಸ್ಥಾನಗಳದ್ದು. ಯುರೋಪಿನ ಸಮ ವಿಭಾಗದ ಪದ್ಧತಿಯಲ್ಲಿ ಸಪ್ತಕವನ್ನು 1200 ಸೆಂಟ್ ಎಂದು ಎಣಿಸಿ ಹನ್ನೆರಡು ಸಮಪಾಲು ಮಾಡುತ್ತಾರೆ. ಆಗ ಶುದ್ಧ ಗಾಂಧಾರ 400 ಸೆಂಟಿಗೆ ಬೀಳುತ್ತದೆ. ತಾನಪುರದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386ರಲ್ಲಿದೆ. ಈ 14 ಸೆಂಟಿನ ಅಂತರ ಪಳಗಿದ ಕಿವಿಗೆ ಚುಚ್ಚುತ್ತದೆ.

ಇದನ್ನು ಸರಿಪಡಿಸಲು ಹೊರಟವರೂ ಇದ್ದರು. ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ಇಂಗ್ಲಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್ ಸೇರಿ 22 ಶ್ರುತಿಗಳ ಹಾರ್ಮೋನಿಯಂ ಮಾಡಿಸಿದರು. ಅದಕ್ಕೆ ಹಾಡಿ ತೋರಿಸಿ ಬೆಂಬಲಕ್ಕೆ ನಿಂತವರು ಉಸ್ತಾದ್ ಅಬ್ದುಲ್ ಕರೀಂ ಖಾನರು, ಅಂದರೆ ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದು ಚರ್ಚೆಗೆ ಬಂದಿತಾದರೂ ವಿದ್ವಾಂಸರು ಒಪ್ಪಲಿಲ್ಲ, ಪೇಟೆಯಲ್ಲೂ ನಿಲ್ಲಲಿಲ್ಲ. ಜನ ಹನ್ನೆರಡು ಮನೆಯ ಪೇಟಿಯನ್ನೇ ನುಡಿಸುತ್ತ ಹೋದರು.

ಪೇಟಿಯ ವಿರೋಧಿಗಳ ಸಾಲಿನಲ್ಲಿ ಎಂದೂ ಒಂದೆಡೆ ಸೇರದ ಜನ ಒಟ್ಟಿಗೆ ನಿಂತಿದ್ದಾರೆ. ಹಿಂದುಸ್ತಾನದ ಸಂಗೀತದ ಮೇಲೆ 1914ರಲ್ಲಿ ಪುಸ್ತಕ ಬರೆದ ಫಾಕ್ಸ್ ಸ್ಟ್ರಾಂಗ್‌ವೇಸ್ ಎಂಬ ಇಂಗ್ಲಿಷ್ ವಿದ್ವಾಂಸನಿಗೆ ಅದು ಭಾರತದ ಸಂಗೀತವನ್ನು ಕೆಡಿಸುವ ವಸ್ತು. ಸ್ವದೇಶಿ ಚಿಂತಕ ಆನಂದ ಕುಮಾರಸ್ವಾಮಿಯವರಿಗೂ ಹಾಗೆಯೇ. ರವೀಂದ್ರನಾಥ ಠಾಕೂರರು ಅದನ್ನು ಶಾಂತಿನಿಕೇತನದಿಂದ ಹೊರಗಿಟ್ಟಿದ್ದರು. ದೆಹಲಿ ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೌಲ್ಡ್ಸ್, ಹಾರ್ಮೋನಿಯಂ ವಿರುದ್ಧ ಬರೆದ. ಭಾರತೀಯ ವಾದ್ಯಗಳನ್ನೇ ಕೂಡಿಸಿ ವಾದ್ಯವೃಂದ ಕಟ್ಟಲು ಹೆಣಗಿದ ಆತ 1939ರಲ್ಲಿ ಕಲಕತ್ತೆಯಲ್ಲಿ ಕಾಲರಾಕ್ಕೆ ಬಲಿಯಾದ. ಆಳುವವರಲ್ಲಿ ಕೆಲವರಿಗೆ ಅಚ್ಚ ಭಾರತ ಬೇಕಿತ್ತು, ಆಳಿಸಿಕೊಂಡವರಲ್ಲಿ ಕೆಲವರಿಗೆ ಪರಕೀಯವಲ್ಲದ ಭಾರತ ಬೇಕಿತ್ತು. ಇಬ್ಬರ ಬೆರಳೂ ಅದೇ ಪೆಟ್ಟಿಗೆಯ ಕಡೆ ತೋರಿತು.

ಆದರೆ ಪರಕೀಯ ಎಂಬ ಒಂದೇ ಕಾರಣ ಸಾಲದು. ವಯೊಲಿನ್ ಕೂಡ ಯುರೋಪಿನದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದು ಕರ್ನಾಟಕ ಸಂಗೀತದೊಳಗೆ ಕೂತಿದೆ. ತಂತಿಯ ಮೇಲೆ ಬೆರಳು ಜಾರುತ್ತದೆ, ಗಮಕ ಬರುತ್ತದೆ. ಹಾಗಾಗಿ ಅದರ ಹುಟ್ಟೂರನ್ನು ಯಾರೂ ಕೆದಕಲಿಲ್ಲ. ಪೇಟಿಯ ಮೇಲೆ ಎರಡು ಆರೋಪ ಒಟ್ಟಿಗೆ ಬಿದ್ದವು. ಒಂದು, ಅದು ರಾಗಕ್ಕೆ ಒಗ್ಗದ್ದು. ಎರಡು, ಅದು ನಾಟಕದ್ದು, ಭಜನೆಯದ್ದು, ಬೀದಿಯದ್ದು. ಮೊದಲನೆಯದನ್ನು ಬರೆದು ಹೇಳಿದರು. ಎರಡನೆಯದು ಬಾಯಿಬಿಟ್ಟು ಹೇಳದೆಯೂ ಕೆಲಸ ಮಾಡುತ್ತಿತ್ತು ಎಂಬುದು ನನ್ನ ಅನಿಸಿಕೆ.

1936ರ ಜೂನ್ 8ರಂದು ಸರ್ಕಾರಿ ಪ್ರಸಾರ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. 1940ರ ಜನವರಿಯಲ್ಲಿ ಠಾಕೂರರು ಕಲಕತ್ತಾ ನಿಲಯಕ್ಕೆ ಪತ್ರ ಬರೆದು, ಹಾರ್ಮೋನಿಯಂ ಕೈಬಿಟ್ಟರೆ ಭಾರತೀಯ ಸಂಗೀತಕ್ಕೆ ಉಪಕಾರವಾದೀತು ಎಂಬ ಅಭಿಪ್ರಾಯ ತಿಳಿಸಿದರು. ಅದೇ ವರ್ಷ ಮಾರ್ಚ್ 1ರಿಂದ ಬಾನುಲಿಯಲ್ಲಿ ಹಾರ್ಮೋನಿಯಂ ನಿಂತಿತು.

ಆಗ ಕನ್ನಡ ನಾಡಿನೊಳಗೆ ಆಲ್ ಇಂಡಿಯಾ ರೇಡಿಯೋದ ಒಂದೂ ನಿಲಯವಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಆಕಾಶವಾಣಿ ಇತ್ತು, ಆದರೆ ಅದು ದೆಹಲಿಯ ಆಡಳಿತಕ್ಕೆ ಸೇರಿದ್ದಲ್ಲ. ಧಾರವಾಡ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಮೈಸೂರಿನದೂ ಅದೇ ವರ್ಷ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಹೀಗೆ ನಮ್ಮಲ್ಲಿಗೆ ಬಂದಾಗ ಆ ನಿಯಮಕ್ಕೆ ಹತ್ತು ವರ್ಷ ವಯಸ್ಸಾಗಿತ್ತು. ಗಣರಾಜ್ಯದ ಜೊತೆಜೊತೆಗೇ, ಬ್ರಿಟಿಷರ ಕಾಲದ ನಿಯಮವೊಂದು ಸ್ವದೇಶಿ ವೇಷದಲ್ಲಿ ಧಾರವಾಡದ ಸ್ಟುಡಿಯೋದೊಳಗೆ ಕಾಲಿಟ್ಟಿತು.

ಆ ಸ್ಟುಡಿಯೋಗೆ ಹಾಡಲು ಬಂದವರು ಯಾರು? ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡಿದವರು. ಬಸವರಾಜ ರಾಜಗುರುಗಳೂ ಎಳವೆಯಲ್ಲಿ ನಾಟಕದ ಬಣ್ಣ ಹಚ್ಚಿದವರು. ಅವರ ಗುರು ಪಂಚಾಕ್ಷರಿ ಗವಾಯಿಗಳು ಕುರುಡು ಮಕ್ಕಳಿಗೆ ಸಂಗೀತ ಕಲಿಸಿ ಹೊಟ್ಟೆಗೆ ದಾರಿ ಮಾಡಿದವರು. ಆ ಆಶ್ರಮವನ್ನು ಮುಂದುವರಿಸಿದ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಪೇಟಿ ಹಿಂದುಸ್ತಾನಿಯನ್ನೂ ನುಡಿಯುತ್ತಿತ್ತು, ಕರ್ನಾಟಕ ಸಂಗೀತವನ್ನೂ ನುಡಿಯುತ್ತಿತ್ತು. ಈ ಸೀಮೆಯ ಗಾಯಕರಿಗೆ ಪೇಟಿ ಹೊಸದೂ ಅಲ್ಲ, ಹೀನವೂ ಅಲ್ಲ. ಇವತ್ತಿಗೂ ನಮ್ಮ ಕಡೆ ಗಾಯಕರ ಶ್ರುತಿ ಕೇಳಿದರೆ ಕರಿ ಒಂದು, ಬಿಳಿ ಎರಡು ಎಂದೇ ಉತ್ತರ ಬರುತ್ತದೆ. ಅದು ಪೇಟಿಯ ಮನೆಗಳ ಲೆಕ್ಕ.

ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆ ಇದ್ದರು. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ 2010ರವರೆಗೆ ಬಾಳಿದ ಅವರು ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೊದಲಾದ ದೊಡ್ಡ ಗಾಯಕರಿಗೆಲ್ಲ ಸಾಥ್ ಕೊಟ್ಟವರು. ಧಾರವಾಡದಲ್ಲಿ ವಸಂತ ಕನಕಾಪುರ ಇದ್ದರು. ಪೇಟಿಯಲ್ಲಿ ಮೀಂಡ್ ಇಲ್ಲ ಎಂಬುದು ಇಂಥವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸಾಥ್ ಕೊಡುವುದನ್ನು ಅವರು ಒಂದು ವಿದ್ಯೆಯಾಗಿ ಬೆಳೆಸಿದ್ದರು. ಗಾಯಕ ಸ್ವರದಿಂದ ಸ್ವರಕ್ಕೆ ಜಾರುವಾಗ ಪೇಟಿ ಸುಮ್ಮನಿರಬೇಕು, ಅವನು ನಿಂತಲ್ಲಿ ಹೋಗಿ ಕೂಡಬೇಕು, ಅವನು ಉಸಿರು ತೆಗೆದುಕೊಂಡಾಗ ಆ ಖಾಲಿಯನ್ನು ತೆಳುವಾಗಿ ತುಂಬಬೇಕು. ಬೀಡಾದ ಮನೆ ಯಾವುದು, ಯಾವ ರಾಗದಲ್ಲಿ ಯಾವ ಮನೆಯನ್ನು ಬರೀ ಮುಟ್ಟಿ ಬಿಡಬೇಕು ಎಂಬ ಲೆಕ್ಕ ಬೆರಳಿಗೆ ತಿಳಿದಿರಬೇಕು. ಗಣೇಶೋತ್ಸವದ ಪೆಂಡಾಲಿನಲ್ಲಿ, ಮಠದ ಜಾತ್ರೆಯಲ್ಲಿ, ಸಂಗೀತ ಸಭೆಯಲ್ಲಿ ಇದೆಲ್ಲ ನಡೆದೇ ಇತ್ತು. ಅದೇ ಗಾಯಕ ಬಾನುಲಿಗೆ ಹೋದಾಗ ಮಾತ್ರ ಪೇಟಿಯನ್ನು ಬಿಟ್ಟು ಹಾಡಬೇಕಿತ್ತು.

ಬಾನುಲಿಯನ್ನು ಬಯ್ದು ಮುಗಿಸಿದರೆ ಅದು ಅರ್ಧ ಇತಿಹಾಸ. ಸಂಸ್ಥಾನಗಳು ಒಂದೊಂದಾಗಿ ವಿಲೀನವಾಗಿ ಅರಮನೆಯ ಆಶ್ರಯ ಕಳಚಿಬಿದ್ದ ವರ್ಷಗಳಲ್ಲಿ ಸಂಗೀತಗಾರರಿಗೆ ಸಂಬಳ, ಸಂಭಾವನೆ ಕೊಟ್ಟು ಹಿಡಿದು ನಿಲ್ಲಿಸಿದ್ದು ಅದೇ. ಪೇಟಿ ಹೊರಬಿದ್ದ ಜಾಗದಲ್ಲಿ ಸಾರಂಗಿಯವರಿಗೆ ನಿಲಯಗಳಲ್ಲಿ ಕೆಲಸ ಸಿಕ್ಕಿತು. ಇಲ್ಲದಿದ್ದರೆ ಆ ವಾದ್ಯ ಇನ್ನೂ ಬೇಗ ಕಣ್ಮರೆಯಾಗುತ್ತಿತ್ತು. 1952ರ ಜುಲೈನಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಟಿಕೆಟ್ ಕೊಂಡು ಕಛೇರಿಗೆ ಹೋಗಲಾಗದ ಮನೆಗೂ ದೊಡ್ಡ ಗಾಯಕರು ಬಂದರು. ಧಾರವಾಡ ನಿಲಯದಲ್ಲಿ ಮನಸೂರರು ಸಂಗೀತಕ್ಕೂ ಬೇಂದ್ರೆಯವರು ಸಾಹಿತ್ಯಕ್ಕೂ ಸಲಹೆಗಾರರಾಗಿದ್ದರು. ಕವಿತೆಯ ಗಾಯನ ಸುಗಮ ಸಂಗೀತವೆಂಬ ಹೆಸರು ಪಡೆದು ಮನೆಮನೆ ಸೇರಿದ್ದರಲ್ಲಿಯೂ ಬಾನುಲಿಯ ಪಾಲು ದೊಡ್ಡದು. ಇವತ್ತು ಆ ಸುಗಮ ಸಂಗೀತದ ವೇದಿಕೆಯ ನಡುವೆಯೇ ಹಾರ್ಮೋನಿಯಂ ಕೂತಿರುತ್ತದೆ!

ಆದರೆ ಹಿಡಿದು ನಿಲ್ಲಿಸುವ ಕೈಗೆ ಸೋಸುವ ಹುಮ್ಮಸ್ಸೂ ಬಂತು. 1952ರಿಂದ 62ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಸ್ವತಃ ಶಾಸ್ತ್ರೀಯ ಸಂಗೀತ ಬಲ್ಲವರು. ಅವರ ಕಾಲದಲ್ಲಿ ಕಲಾವಿದರನ್ನು ಪರೀಕ್ಷಿಸಿ ಶ್ರೇಣಿ ಕೊಡುವ ಏರ್ಪಾಡು ಬಿಗಿಯಾಯಿತು. ಇಂದಿಗೂ ಕಛೇರಿಯ ಕರೆಯೋಲೆಯಲ್ಲಿ ಹೆಸರಿನ ಕೆಳಗೆ ಕಾಣುವ ಎ ಗ್ರೇಡ್, ಬಿ ಹೈ ಗ್ರೇಡ್ ಎಂಬ ಬಿರುದುಗಳು ಅದರ ಫಲ. ಅದಕ್ಕೂ ಮೊದಲು, ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸರ್ದಾರ್ ಪಟೇಲರು ಈ ಖಾತೆ ನೋಡಿಕೊಳ್ಳುತ್ತಿದ್ದಾಗ, ಖಾಸಗಿ ಬದುಕು ಅಪವಾದಕ್ಕೆ ಗುರಿಯಾದವರಿಗೆ ಹಾಡುವ ಅವಕಾಶವಿಲ್ಲ ಎಂಬ ಸೂಚನೆ ಹೊರಟಿತ್ತು. ಅದರ ಏಟು ಬಿದ್ದದ್ದು ತವಾಯಫ್ ಮನೆತನದ ಗಾಯಕಿಯರ ಮೇಲೆ. ಖಯಾಲ್, ಠುಮರಿಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಲ್ಲಿ ಅವರೂ ಇದ್ದರು. ಪೇಟಿಯನ್ನು ಹೊರಗಿಟ್ಟದ್ದೂ ಈ ಗಾಯಕಿಯರನ್ನು ಹೊರಗಿಟ್ಟದ್ದೂ ಬೇರೆಬೇರೆ ಆದೇಶಗಳು. ಎರಡರ ಹಿಂದೆಯೂ ಇದ್ದದ್ದು, ಮರ್ಯಾದಸ್ಥ ಸಂಗೀತ ಹೇಗಿರಬೇಕೆಂದು ಕೇಳುಗರ ಪರವಾಗಿ ಸರ್ಕಾರ ತೀರ್ಮಾನಿಸಬಲ್ಲದೆಂಬ ನಂಬಿಕೆ.

ಕೇಳುಗರ ಕೈಯಲ್ಲೂ ಒಂದು ಅಸ್ತ್ರವಿತ್ತು. ರೇಡಿಯೋದ ತಿರುಗಣೆ. ಕೇಸ್ಕರ್ ಕಾಲದಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಬಿದ್ದಾಗ, ನಿರ್ಮಾಪಕರ ಜೊತೆ ಜಗಳವೂ ಸೇರಿ, ಅವು ಬಾನುಲಿಯಿಂದ ಹೆಚ್ಚುಕಡಿಮೆ ಮಾಯವಾದವು. ಜನ ರೇಡಿಯೋ ಸಿಲೋನ್ ಕಡೆ ತಿರುಗಿದರು. 1952ರಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಅಲ್ಲಿಂದ ಆರಂಭವಾಯಿತು. ಐದು ವರ್ಷಗಳಲ್ಲಿ ಸರ್ಕಾರವೇ ಮಣಿದು, 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿಯನ್ನು ತೆರೆಯಿತು.

ಸಿನಿಮಾ ಹಾಡಿಗಾದರೆ ಲಕ್ಷಾಂತರ ಕೇಳುಗರಿದ್ದರು, ಪಕ್ಕದ ದೇಶದಲ್ಲಿ ಇನ್ನೊಂದು ನಿಲಯವಿತ್ತು. ಪೇಟಿ ಮಾಸ್ತರರ ಪರವಾಗಿ ತಿರುಗಿಸಲು ಯಾವ ತಿರುಗಣೆಯೂ ಇರಲಿಲ್ಲ. ವಿವಿಧ ಭಾರತಿ ಬಂದ ಮೇಲೂ ಆ ನಿಷೇಧ ಹದಿಮೂರು ವರ್ಷ ಹಾಗೇ ಮುಂದುವರಿಯಿತು. 1970ರಲ್ಲಿ ದೆಹಲಿಯಲ್ಲಿ ಹಾರ್ಮೋನಿಯಂ ಕುರಿತೇ ಒಂದು ವಿಚಾರ ಸಂಕಿರಣ ನಡೆದು ಪರ ವಿರೋಧದ ವಾದಗಳೆಲ್ಲ ಮತ್ತೆ ಮಂಡನೆಯಾದವು. 1971ರಲ್ಲಿ ನಿಯಮ ಸಡಿಲವಾಯಿತು. ಅದೂ ಪೂರ್ತಿಯಾಗಿ ಅಲ್ಲ. ಮೇಲಿನ ಶ್ರೇಣಿಯ ಗಾಯಕರು ಬಯಸಿದರೆ ಸಾಥ್‌ಗೆ ಇಟ್ಟುಕೊಳ್ಳಬಹುದು ಎಂಬಷ್ಟು. ಏಕವಾದನಕ್ಕೆ ಆಮೇಲೂ ಬಹುಕಾಲ ಬಾಗಿಲು ತೆರೆಯಲಿಲ್ಲ.

ಮೂವತ್ತೊಂದು ವರ್ಷ. ಧಾರವಾಡ ಸೀಮೆಯ ಮಟ್ಟಿಗೆ ಇಪ್ಪತ್ತೊಂದು. ನಮ್ಮ ಗಾಯಕರ ಕಂಠ ತುಂಬು ಪ್ರಾಯದಲ್ಲಿದ್ದ ವರ್ಷಗಳೇ ಅವು.

ನನ್ನ ತಪ್ಪು ಎಲ್ಲಿತ್ತೆಂದು ಈಗ ಕಾಣುತ್ತದೆ. ಆ ವರ್ಷಗಳ ಸಂಗೀತ ನಮಗೆ ಹೆಚ್ಚಾಗಿ ಉಳಿದಿರುವುದು ಬಾನುಲಿಯ ಧ್ವನಿಮುದ್ರಣಗಳಲ್ಲಿ. ಟೇಪ್ ಯಂತ್ರ ಕೊಂಡು ಕಛೇರಿಗೆ ಹೋಗಿ ಹಾಡು ಹಿಡಿಯುವಷ್ಟು ಅನುಕೂಲ ಆಗ ಎಷ್ಟು ಜನರಿಗಿತ್ತು? ಪ್ರಸಾರ ಭಾರತಿ ತನ್ನ ಹಳೆಯ ಮುದ್ರಣಗಳನ್ನು ಯೂಟ್ಯೂಬಿಗೆ ಹಾಕುತ್ತಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ಮುಂದಿನ ತಲೆಮಾರು 1960ರ ಧಾರವಾಡವನ್ನು ಕೇಳುವುದು ಇವುಗಳ ಮೂಲಕವೇ. ಆದರೆ ಆ ಮುದ್ರಣಗಳಲ್ಲಿ ಕೇಳಿಸುವ ಖಾಲಿ ಜಾಗ ಸಂಗೀತದ್ದಲ್ಲ, ಒಂದು ಸುತ್ತೋಲೆಯದ್ದು. ಸ್ಟುಡಿಯೋದ ಗೋಡೆಯಾಚೆ ಅದೇ ಸಂಜೆ, ಅದೇ ಗಾಯಕನ ಪಕ್ಕದಲ್ಲಿ ಪೇಟಿ ಇದ್ದಿರಬಹುದು. ಟೇಪಿಗೆ ಅದು ಗೊತ್ತಿಲ್ಲ. ನಾನು ಟೇಪನ್ನು ನಂಬಿ ವಾಕ್ಯ ಬರೆದೆ.

ಇನ್ನೊಂದು ಸಂಗತಿಯೂ ಕಾಡುತ್ತದೆ. ನಿಷೇಧಿಸಿದವರ ವಾದ ಪೂರ್ತಿ ಸುಳ್ಳಾಗಿರಲಿಲ್ಲ. ಪೇಟಿಯ ಸಾಥ್ ಇಲ್ಲದ ಆ ಹಳೆಯ ಮುದ್ರಣಗಳಲ್ಲಿ ಮನಸೂರರ ಸ್ವರ ತಾನಪುರದ ಮೇಲೆ ಬಂದು ಕೂರುವ ಪರಿ ಕೇಳಿದಾಗ, ಈ ನಿಯಮದಿಂದ ನನ್ನ ಕಿವಿಗೆ ಲಾಭವೇ ಆಯಿತೇನೋ ಎನಿಸುತ್ತದೆ. ಅಜ್ಜನಿಗೆ ಇದನ್ನು ಹೇಳಿದ್ದರೆ ಏನನ್ನುತ್ತಿದ್ದರೋ. ಸಂಗೀತದ ತೀರ್ಪು ಬೇರೆ, ಆ ತೀರ್ಪನ್ನು ಆಜ್ಞೆ ಮಾಡುವುದು ಬೇರೆ ಎಂದು ಬಿಡಿಸಿ ನೋಡಲು ಪ್ರಯತ್ನಿಸುತ್ತಿದ್ದೇನೆ. ಯಾವ ಸಾಥ್ ಬೇಕೆಂಬುದನ್ನು ಗಾಯಕನೇ ಆರಿಸಿಕೊಂಡಿದ್ದರೆ ಇದು ಅಭಿರುಚಿಯ ಇತಿಹಾಸವಾಗುತ್ತಿತ್ತು. ಹಾಗೆ ಆರಿಸುವ ಅವಕಾಶ ಆ ಇಪ್ಪತ್ತೊಂದು ವರ್ಷ ಅವನಿಗೆ ಸ್ಟುಡಿಯೋದೊಳಗೆ ಇರಲಿಲ್ಲ.

ಕರಡಿನ ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಕೇಳಿ ಮಾಡಿಕೊಂಡ ಟಿಪ್ಪಣಿಗಳಲ್ಲಿ ಪ್ರತಿ ಮುದ್ರಣದ ಎದುರು ಈಗ ಹೊಸದೊಂದು ಅಂಕಣ ಇದೆ. ಅದರಲ್ಲಿ 1971ಕ್ಕೆ ಹಿಂದಿನವಕ್ಕೆಲ್ಲ, "ನಿಯಮದ ಪ್ರಕಾರ ಹಾರ್ಮೋನಿಯಂ ಇಲ್ಲ, ಹೊರಗಿನ ಕಛೇರಿ ವಿಚಾರಿಸಬೇಕು" ಎಂದು ಬರೆದಿದ್ದೇನೆ. ವಿಚಾರಿಸಲು ಇನ್ನೂ ಕೆಲವರು ಇದ್ದಾರೆ. ಹಳೆಯ ಕರೆಯೋಲೆಗಳು, ಮಸುಕಾದ ಫೋಟೋಗಳು, ಎಂಬತ್ತು ದಾಟಿದವರ ನೆನಪುಗಳು. ಮೊದಲ ಸಾಕ್ಷಿಯಾಗಿ ಆಯಿಯ ಮಾತನ್ನೇ ದಾಖಲಿಸಿಕೊಂಡೆ. ಅಜ್ಜ ಯಾವ ಯಾವ ಗಾಯಕರಿಗೆ ಹೀಗೆ ಮನೆಯಲ್ಲಿ ಕೂತು ಸಾಥ್ ಕೊಡುತ್ತಿದ್ದರು ಎಂದು ಕೇಳಿದ್ದಕ್ಕೆ ಆಯಿ ಒಂದಿಷ್ಟು ಹೊತ್ತು ಯೋಚಿಸಿದಳು.

"ಎಲ್ಲಾರಿಗೂ ಕೊಡತಿದ್ರು. ಹಾಡು ಮುಗದ ಮ್ಯಾಲೆ ಹೆಸರು ಹೇಳತಿದ್ರಲಾ, ತಬಲಾ ಇಂಥವರು, ಸಾರಂಗಿ ಇಂಥವರು ಅಂತ? ಅದು ಆದಕೂಡಲೆ ನಾನು ಒಳಗಿಂದ, ಪೇಟಿ ನಮ್ಮ ಮನಿಯವರು ಅಂತಿದ್ದೆ. ಆಗ ನಗತಿದ್ರು ನೋಡು."